ಮರದ ಜೀನೂ ಮರಗಟ್ಟಿದ ರಸಿಕತೆಯೂ

ಶಬ್ದಶ್ಲೇಷೆಯು ಹಾಸ್ಯದ ಬಗೆಗಳಲ್ಲೆಲ್ಲ ಅಧಮವಾದುದೆಂದು ತೀರ್ಪುಕೊಟ್ಟು, ಆ ತೀರ್ಪಿನ ಮೇಲೆ ಮೇಲ್ಮನವಿಯೇ ಇಲ್ಲವೆಂಬಂತೆ ನಶ್ಯದ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚುವ ಮಹನೀಯರು ಎಲ್ಲ ಊರುಗಳ ಸಾಹಿತ್ಯಗೋಷ್ಠಿಗಳಲ್ಲಿಯೂ ಇರುತ್ತಾರೆ. ಅವರ ವಾದವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು: ಹಾಸ್ಯವು ಮನುಷ್ಯಸ್ವಭಾವದಿಂದ ಹುಟ್ಟಬೇಕು, ಇಲ್ಲವೆ ಸನ್ನಿವೇಶದಿಂದ ಹುಟ್ಟಬೇಕು, ಎರಡು ಪದಗಳ ಧ್ವನಿ ಒಂದೇ ಆಗಿರುವುದೆಂಬ ಆಕಸ್ಮಿಕದಿಂದ ಹುಟ್ಟುವುದು ಹಾಸ್ಯವಲ್ಲ, ಕಚಗುಳಿ. ಅದರಲ್ಲಿಯೂ ಬೈಸಿಕಲ್ಲಿನಂತಹ ಪರದೇಶದ ಯಂತ್ರವನ್ನು, ಆ ಯಂತ್ರದಲ್ಲಿಯೂ ಹೇಳಲು ಸಂಕೋಚಪಡಬೇಕಾದ ಅಂಗಕ್ಕೆ ಆಶ್ರಯವಾದ ಜೀನನ್ನು, ಜೀನುಗಳಲ್ಲಿಯೂ ಲೋಕರೂಢಿಗೆ ದೂರವಾದ ಮರದ ಜೀನನ್ನು ಹಿಡಿದುಕೊಂಡು ಮಾತನ್ನು ಹೊಸೆಯುತ್ತ ಕೂರುವುದು ಸಾಹಿತ್ಯಪತ್ರಿಕೆಯ ಪುಟಕ್ಕೆ ಮಾಡಿದ ಅಪಚಾರ.

ಇದನ್ನು ಸುಮ್ಮನೆ ಬಿಡುವಂತಿಲ್ಲ. ಬಿಡುವಂತಿಲ್ಲದಿರುವುದಕ್ಕೆ ಕಾರಣ ಶ್ಲೇಷೆಯ ಮೇಲಣ ಮೋಹವಲ್ಲ. ಒಂದು ಭಾಷೆ ಜನರ ಬಾಯಲ್ಲಿ ಜೀವದಿಂದಿದೆಯೋ ಇಲ್ಲವೋ ಎಂಬುದನ್ನು ನಾಡಿ ಹಿಡಿದು ನೋಡುವುದಕ್ಕೆ ಇರುವ ಸಾಧನಗಳು ಕೆಲವೇ. ಅವುಗಳಲ್ಲೊಂದನ್ನು ಈ ಮಹನೀಯರು ಶುಚಿತ್ವದ ಹೆಸರಿನಲ್ಲಿ ತಿಪ್ಪೆಗೆ ಎಸೆಯಲು ಹೊರಟಿದ್ದಾರೆ. ಎಸೆಯುವ ಮೊದಲು ವಸ್ತುವನ್ನು ಒಮ್ಮೆ ತಿರುಗಿಸಿ ನೋಡುವುದರಿಂದ ನಷ್ಟವೇನೂ ಇಲ್ಲವಷ್ಟೆ.

ಬೈಸಿಕಲ್ಲಿಗೂ ಮರಕ್ಕೂ ಇರುವ ನಂಟು ಹಾಸ್ಯಗಾರನು ಕಲ್ಪಿಸಿಕೊಂಡುದಲ್ಲ. 1817ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತನು ಓಡಿಸಿ ತೋರಿಸಿದ ಯಂತ್ರಕ್ಕೆ ಒಡಲೂ ಮರದ್ದು, ಚಕ್ರಗಳೂ ಮರದವು. ತುಳಿಯುವುದಕ್ಕೆ ಪೆಡಲೆಂಬುದಿರಲಿಲ್ಲ. ಸವಾರನು ಮರದ ತೊಲೆಯೊಂದನ್ನು ಕಾಲುಗಳ ನಡುವೆ ಇಟ್ಟುಕೊಂಡು, ನೆಲವನ್ನು ಒದ್ದು ಒದ್ದು ಮುಂದೆ ಸಾಗಬೇಕಾಗಿತ್ತು. ಮೈಸೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದೇ ಇಲ್ಲ. ಜಾತ್ರೆಯ ಮೆರವಣಿಗೆಯಲ್ಲಿ ಕೀಲುಕುದುರೆಯ ಕುಣಿತವನ್ನು ಕಂಡವರೆಲ್ಲರೂ ಡ್ರೈಸನ ಯಂತ್ರವನ್ನು ಕಂಡಂತೆಯೇ ಸರಿ: ನೋಟಕ್ಕೆ ರಾವುತ, ನಡೆಗೆ ಕಾಲಾಳು. 1860ರ ದಶಕದಲ್ಲಿ ಪ್ಯಾರಿಸಿನವರು ಮುಂಗಾಲಿಗೆ ಪೆಡಲನ್ನು ಜೋಡಿಸಿದರು. ಆಗಲೂ ಚಕ್ರಗಳು ಮರದವೇ. ಅವಕ್ಕೆ ಎತ್ತಿನ ಗಾಡಿಯ ಗಾಲಿಗೆ ಬಿಗಿಯುವಂತೆ ಕಬ್ಬಿಣದ ಪಟ್ಟಿ. ಅದಕ್ಕೆ ಪಂಡಿತರು ಲ್ಯಾಟಿನಿನ ಧಾತುಗಳಿಂದ ಕಡೆದಿಟ್ಟ ಹೆಸರು ‘ವೆಲಾಸಿಪೀಡ್’. ಇಂಗ್ಲೆಂಡಿನ ಬೀದಿಯ ಜನ ಇಟ್ಟ ಹೆಸರು ‘ಎಲುಬು ಅಲುಗಿಸುವುದು’. ಯಾವ ಹೆಸರಿನಲ್ಲಿ ಆ ವಸ್ತುವಿನ ಪರಿಚಯ ಹೆಚ್ಚಾಗಿದೆಯೆಂಬುದನ್ನು ಒಮ್ಮೆಯಾದರೂ ಕಲ್ಲುಹಾಸಿನ ದಾರಿಯಲ್ಲಿ ಸವಾರಿ ಮಾಡಿದವರೇ ಹೇಳಲಿ.

ಚರ್ಮದ ಜೀನು ಬಂದ ಬಗೆಯೂ ಸ್ವಾರಸ್ಯವಾದುದು. ಬರ್ಮಿಂಗ್‌ಹ್ಯಾಮಿನಲ್ಲಿ 1866ರಲ್ಲಿ ಕುದುರೆಗಳ ಸಜ್ಜಿನ ವ್ಯಾಪಾರವನ್ನು ಆರಂಭಿಸಿದ ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಎಂಬಾತನ ಕುದುರೆ ಸತ್ತುಹೋಗಲು, ಆತನು ಅನ್ಯಗತಿಯಿಲ್ಲದೆ 1878ರಲ್ಲಿ ಬೈಸಿಕಲ್ಲನ್ನು ಹತ್ತಿದನೆಂದೂ, ಅದರ ಆಸನದ ಗಡಸುತನದಿಂದ ನೊಂದು ಚರ್ಮದ ಜೀನಿನ ಆಲೋಚನೆಗೆ ತೊಡಗಿದನೆಂದೂ, 1882ರಲ್ಲಿ ಅದಕ್ಕೆ ಪೇಟೆಂಟು ಬೇಡಿದನೆಂದೂ ಆ ಸಂಸ್ಥೆಯವರು ಹೇಳಿಕೊಳ್ಳುವ ಕಥೆ. ಕುದುರೆಯ ಜೀನು ಕುದುರೆಯನ್ನು ಕಳೆದುಕೊಂಡು ಯಂತ್ರದ ಮೇಲೆ ಬಂದು ಕೂತಿತು. ಹಾಗೆಯೇ ‘ಜೀನು’ ಎಂಬ ಪಾರಸೀ ಮೂಲದ ಮಾತೂ, ‘ಸವಾರ’ ಎಂಬ ಅದರ ಒಡನಾಡಿಯೂ ಕುದುರೆಲಾಯದಿಂದ ಹೊರಟು ಬೈಸಿಕಲ್ಲಿನ ಮೇಲೆ ಏರಿದುವು. ಸೈಕಲ್ಲಂಗಡಿಯಲ್ಲಿ ‘ಸೀಟು’ ಎಂದರೆ ಸಾಕು, ಜೀನೆನ್ನುವವರು ಕಡಮೆ ಎಂಬುದು ನಿಜ. ಆದರೂ ಜೀನೆಂದರೆ ತಿಳಿಯದೆ ಹೋಗುವುದಿಲ್ಲ.

ಮರವು ಮಾತ್ರ ಸೋತು ಹಿಂದೆ ಸರಿದು ಸುಮ್ಮನಾಗಲಿಲ್ಲ. ಆಗಾಗ್ಗೆ ಯಾವನೋ ಒಬ್ಬ ಕುಶಲನಾದ ಬಡಗಿ ಅದನ್ನು ಮತ್ತೆ ಬೈಸಿಕಲ್ಲಿನ ಮೇಲೆ ಕೂರಿಸುತ್ತಲೇ ಬಂದಿದ್ದಾನೆ. 2020ರಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ ಪಂಜಾಬಿನ ಝೀರಕ್‌ಪುರದ ಬಡಗಿಯೊಬ್ಬನು ಮರದಿಂದಲೇ ಬೈಸಿಕಲ್ಲನ್ನು ಕಟ್ಟಿ ದೇಶದ ಪತ್ರಿಕೆಗಳಲ್ಲೆಲ್ಲ ಹೆಸರಾದನು. ಮರದ ಜೀನೆಂದ ಮಾತ್ರಕ್ಕೆ ಅದು ಶೂಲವೆಂದು ತಿಳಿಯಬೇಕಾದುದೂ ಇಲ್ಲ. ಕುಳಿತವನ ಭಾರವನ್ನು ಹೊರುವುದು ಆತನ ಸೊಂಟದ ಬುಡದಲ್ಲಿರುವ ಎರಡು ಎಲುಬಿನ ಗಂಟುಗಳು. ಆ ಗಂಟುಗಳಿಗೆ ಸರಿಯಾಗಿ ಹಲಗೆಯನ್ನು ತಗ್ಗಿಸಿ ಕೆತ್ತಿದರೆ, ತೆಳುವಾದ ಪದರಗಳನ್ನು ಅಂಟಿಸಿ ಬಿಲ್ಲಿನಂತೆ ಬಾಗಿಸಿದರೆ, ಗಟ್ಟಿ ಆಸನವೂ ಸಹ್ಯವಾಗುತ್ತದೆ. ಮೆತ್ತನೆಯ ದಿಂಬೇ ಬೇಡದ ಕಡೆ ಒತ್ತಿ ಹೆಚ್ಚು ನೋಯಿಸುವುದುಂಟು. ಇಷ್ಟು ವಸ್ತುವಿಚಾರ ಸಾಕು.

ಈಗ ಮಾತಿನ ವಿಚಾರ. ಬೈಸಿಕಲ್ಲೆಂಬ ಪದವು ಕನ್ನಡದ ಕಿವಿಗೆ ಬಿದ್ದೊಡನೆಯೇ ಒಡೆದು ಎರಡಾಯಿತು. ತಂದೆಯಿಂದಲೂ, ಗುದ್ದಿಸಿಕೊಂಡ ದಾರಿಹೋಕನಿಂದಲೂ, ರಾತ್ರಿ ದೀಪವಿಲ್ಲದೆ ಹೋದಾಗ ಪೋಲೀಸಿನವನಿಂದಲೂ ಬೈಸಿಕೊಳ್ಳದೆ ಬೈಸಿಕಲ್ಲನ್ನು ಕಲಿತ ಹುಡುಗನುಂಟೆ? ಬೈಸಿಕೊಳ್ಳುವುದು ಮೊದಲು, ಬೈಸಿಕಲ್ಲು ಅನಂತರ. ಇನ್ನು ಪದದ ಬಾಲದಲ್ಲಿರುವುದು ಕಲ್ಲು. ರಾಗಿ ಬೀಸುವ ಮನೆಯಲ್ಲಿ ಬೈಸಿಕಲ್ಲು ಬೀಸುಕಲ್ಲಿನ ತಮ್ಮನಾಗದೆ ಇದ್ದೀತೆ? ಇದಕ್ಕೂ ಎರಡು ದುಂಡು, ಅದಕ್ಕೂ ಎರಡು ದುಂಡು, ಹಿಡಿಯುವುದಕ್ಕೊಂದು ಹಿಡಿ, ತಿರುಗಿಸಿದಷ್ಟೂ ತಿರುಗುವ ಗುಣ. ಒಂದು ಕೂತಲ್ಲಿಯೇ ಕೂತು ಹಿಟ್ಟು ಮಾಡುತ್ತದೆ, ಇನ್ನೊಂದು ಹಿಟ್ಟಿಗಾಗಿ ಊರೂರು ತಿರುಗಿಸುತ್ತದೆ. ಇಂತಹ ಕಲ್ಲಿನ ಮೇಲೆ ಮರವನ್ನು ಕೂರಿಸಿದುದಾದರೆ ಕನ್ನಡದ ನಾಲಿಗೆ ಸುಮ್ಮನಿರಬೇಕೆಂದು ಬಯಸುವುದು, ಜಾತ್ರೆಯಲ್ಲಿ ತಮಟೆ ಬಡಿಯುತ್ತಿರುವಾಗ ಹುಡುಗರ ಕಾಲು ನಿಶ್ಚಲವಾಗಿರಬೇಕೆಂದು ಬಯಸುವಂತೆಯೇ ಸರಿ.

ಮರದ ಹೆಸರುಗಳನ್ನು ಒಂದೊಂದಾಗಿ ಹಿಡಿದು ನೋಡಬಹುದು. ತೇಗದ ಜೀನಾದರೆ, ಮುದ್ದೆಯುಂಡು ಹೊರಟವನು ಮೊದಲನೆಯ ಹಳ್ಳದಲ್ಲಿಯೇ ತೇಗುತ್ತಾನೆ. ಜಾಲಿಯದಾದರೆ, ಇಂಗ್ಲಿಷು ಬಲ್ಲ ಹುಡುಗರು ಸವಾರಿ ಬಹಳ ಜಾಲಿಯಾಗಿದೆಯೆನ್ನುತ್ತಾರೆ, ಮುಳ್ಳಿನ ನೆನಪಾಗುವವರೆಗೆ. ಹೊನ್ನೆಯದಾದರೆ ಅರಸುಗಳ ಹೊನ್ನ ಜೀನಿಗೂ ಕೂಲಿಕಾರನ ಹೊನ್ನೆ ಜೀನಿಗೂ ಒಂದು ಗುಣಿತದ ಅಂತರ ಮಾತ್ರ. ನಂದಿಮರದ್ದಾದರಂತೂ ವಿಷಯ ಜಟಿಲವಾಗುತ್ತದೆ: ತಾಂಡ್ಯದ ಕಾರ್ಖಾನೆಯಿಂದ ಹೊರಟು ನಂದಿಯ ಮೇಲೆ ಕೂತು ನಂಜುಂಡನ ಊರನ್ನು ಪ್ರವೇಶಿಸುವ ಸವಾರನು ಗುಡಿಯ ಮುಂದೆ ಇಳಿದು ಕೈಮುಗಿಯಬೇಕೋ, ಒಳಗೆ ಹೋಗಿ ಸ್ವಸ್ಥಾನದಲ್ಲಿ ಕುಳಿತುಕೊಳ್ಳಬೇಕೋ ಎಂಬುದನ್ನು ಆಗಮಪಂಡಿತರು ನಿರ್ಣಯಿಸಬೇಕಾಗುತ್ತದೆ. ಮರದ ವಾಹನವನ್ನು ಹೀನವೆನ್ನುವ ಅಧಿಕಾರ ಮಾತ್ರ ಆ ಊರಿನವರಿಗಿಲ್ಲ. ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯಲ್ಲಿ ಗೌತಮರಥವೇ ಮೊದಲಾಗಿ ಐದು ಮರದ ತೇರುಗಳು ಬೀದಿಯಲ್ಲಿ ಸಾಗುತ್ತವೆ, ಅವುಗಳ ಮೇಲೆ ಕೂರುವವರು ದೇವತೆಗಳು.

ಹಳೆಯ ಕಾವ್ಯಗಳಲ್ಲಿ ಜೀನಿಗೆ ಹಲ್ಲಣವೆಂಬ ಹೆಸರುಂಟು. ಬಿ. ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದ ಮೇಲೆ ಆ ಊರಿನ ಹಲ್ಲುಪುಡಿ ಕನ್ನಡನಾಡಿನ ಬಚ್ಚಲಮನೆಗಳಲ್ಲೆಲ್ಲ ಮನೆಮಾತಾಯಿತು. ಮರದ ಹಲ್ಲಣದ ಮೇಲೆ ಕೂತು, ಹಳ್ಳ ತುಂಬಿದ ದಾರಿಯಲ್ಲಿ ಬರುವವನು ಆ ಪುಡಿಗಾಗಿ ಅಂಗಡಿಯವರೆಗೂ ಹೋಗಬೇಕಾದುದಿಲ್ಲ. ಸೇತುವೆಯನ್ನು ದಾಟುವ ಮೊದಲೇ ಆತನ ಬಾಯಲ್ಲಿ ಹಲ್ಲು ಪುಡಿ ಸಿದ್ಧವಾಗಿರುತ್ತದೆ. ಉಜ್ಜಿ ಉಜ್ಜಿ ಎದ್ದ ಗಾಯ ನಂಜೇರಿದರೆ ನಂಜನ್ನುಂಡವನಿರುವ ಗೂಡು ಹತ್ತಿರದಲ್ಲಿಯೇ ಇದೆ. ಟಿಪ್ಪುವು ಆತನನ್ನು ಹಕೀಮನೆಂದು ಕರೆದನೆಂಬ ಪ್ರತೀತಿಯೂ ಇದೆ. ಸವಾರನು ಅಷ್ಟಕ್ಕೆ ನಿಲ್ಲದೆ ಕಪಿಲೆಯ ಜತೆಯಲ್ಲಿಯೇ ಕೆಳಕ್ಕೆ ಸಾಗಿ ತಿರುಮಕೂಡಲನ್ನು ಮುಟ್ಟಿದನೆನ್ನಿ. ಅಲ್ಲಿ ಕಾವೇರಿ ಕಪಿಲೆಗಳಿಗೆ ಕೂಡುವುದೇ ಸುಖ. ಅಷ್ಟು ದೂರ ಮರದ ಮೇಲೆ ಬಂದವನಿಗೆ ಮಾತ್ರ ಕೂರುವುದೇ ಕೂಡದು.

ಮಹನೀಯರು ಇಷ್ಟು ಹೊತ್ತಿಗೆ ಕಿವಿ ಮುಚ್ಚಿಕೊಂಡಿರುತ್ತಾರೆ. ಮುಚ್ಚಿಕೊಂಡ ಕಿವಿಗಳನ್ನು ಒಂದು ಕ್ಷಣ ತೆರೆದರೆ, ಮೇಲೆ ಹೇಳಿದ ಮಾತುಗಳೆಲ್ಲ ಒಂದೇ ತೂಕದವಲ್ಲವೆಂಬುದು ಅವರಿಗೂ ತಿಳಿದೀತು. ಜಾಲಿಯ ಮಾತು ಸಾಧಾರಣ. ತೇಗದ ಮಾತು ಬರಿಯ ಕಿವಿಯ ಚಪಲ. ಜೀನಿಗೆ ಜೇನನ್ನು ಹೊಂದಿಸಿ, ಜೀನು ಜೇನಾಯಿತೆಂದೋ ಜೀನನ ಜೀನೆಂದೋ ಹಾಡುವವರಿದ್ದರೆ ಅವರನ್ನು ಮಹನೀಯರ ವಶಕ್ಕೆ ಒಪ್ಪಿಸಿಬಿಡಬಹುದು; ವಕಾಲತ್ತು ವಹಿಸುವವರಾರೂ ಇಲ್ಲ. ಆದರೆ ‘ಮರಗಟ್ಟು’ ಎಂಬ ಮಾತನ್ನು ನೋಡತಕ್ಕದ್ದು. ಮರದ ಜೀನಿನ ಮೇಲೆ ಎರಡು ಹರದಾರಿ ಹೋದವನ ಆಸನವು ಮರಗಟ್ಟಿತು ಎಂದರೆ ಇಲ್ಲಿ ನಡೆದುದೇನು? ಮೈ ಜೋಮುಹಿಡಿದು ಸ್ಪರ್ಶಜ್ಞಾನ ತಪ್ಪುವುದನ್ನು ಯಾವ ಕಾಲದಲ್ಲಿಯೋ ಯಾವನೋ ಹೆಸರಿಲ್ಲದ ಕನ್ನಡಿಗನು ಮರಕ್ಕೆ ಹೋಲಿಸಿದನು. ಅದು ಕವಿತ್ವ. ಸಾವಿರ ಬಾಯಿಗಳಲ್ಲಿ ಸವೆದು ಸವೆದು ಆ ಹೋಲಿಕೆ ಮರೆಯಾಯಿತು. ಪದ ಉಳಿಯಿತು, ಪದದೊಳಗಿದ್ದ ಮರವನ್ನು ಯಾರೂ ಕಾಣದಾದರು. ಈಗ ಮರದ ಜೀನೊಂದು ಬಂದು ಆ ಮರವನ್ನು ಮತ್ತೆ ಕಣ್ಣೆದುರಿಗೆ ನಿಲ್ಲಿಸಿತು. ಜೀನು ತನ್ನ ಗುಣವನ್ನು ಸವಾರನಿಗೆ ದಾನಮಾಡಿತು. ಕೂತವನಾರು, ಕೂರಿಸಿಕೊಂಡುದು ಯಾವುದು ಎಂಬ ಭೇದವಳಿದು ಅದ್ವೈತ ಸಿದ್ಧಿಸಿತು. ಇದರಲ್ಲಿ ಆಕಸ್ಮಿಕವೆಲ್ಲಿದೆ? ಎರಡು ಪದಗಳ ಧ್ವನಿ ತಾನಾಗಿ ಒಂದಾದುದಲ್ಲ. ಒಂದೇ ಪದವು ತನ್ನ ಹುಟ್ಟಿದ ಮನೆಗೆ ಹಿಂದಿರುಗಿದುದು.

‘ಮಣೆ ಹಾಕು’ ಎಂಬುದೂ ಹಾಗೆಯೇ. ಬಂದವರಿಗೆ ಕೂರಲು ಮಣೆಯನ್ನು ಹಾಕುತ್ತಿದ್ದ ಮನೆಗಳಿಂದ ಅದು ಹುಟ್ಟಿತು. ಮಣೆ ಹೋಗಿ ಕುರ್ಚಿ ಬಂದ ಮೇಲೆಯೂ ಗೌರವ ತೋರಿಸುವುದೆಂಬ ಅರ್ಥದಲ್ಲಿ ಪತ್ರಿಕೆಗಳ ತಲೆಬರೆಹಗಳಲ್ಲಿ ಉಳಿಯಿತು. ಮರದ ಜೀನಿನ ಬೈಸಿಕಲ್ಲು ಹತ್ತಿದ ಯಾವಾತನಿಗಾದರೂ ಕುಲಗೋತ್ರಗಳನ್ನು ಕೇಳದೆ ಮಣೆ ಹಾಕುತ್ತದೆ, ಎಲೆಯನ್ನು ಮಾತ್ರ ಹಾಕುವುದಿಲ್ಲ ಎಂದಾಗ ನಗುವವನು ಒಂದೇ ಗಳಿಗೆಯಲ್ಲಿ ಮೂರನ್ನು ನೆನೆಯುತ್ತಾನೆ: ಅಜ್ಜಿಯ ಊಟದ ಮನೆಯ ಹಲಗೆಯನ್ನು, ಆ ಹಲಗೆ ಎಲ್ಲರಿಗೂ ಸಮನಾಗಿ ದೊರೆಯುತ್ತಿರಲಿಲ್ಲವೆಂಬುದನ್ನು, ಬೈಸಿಕಲ್ಲಿಗೆ ಆ ಭೇದ ಗೊತ್ತಿಲ್ಲವೆಂಬುದನ್ನು. ಇದನ್ನು ಕಚಗುಳಿಯೆಂದು ಕರೆಯುವವರು ಕಚಗುಳಿಯನ್ನೇ ಕಂಡವರಲ್ಲ.

ಶಾಸ್ತ್ರದ ಬಲವನ್ನು ಕೇಳುವವರಿಗೆ ಅದಕ್ಕೂ ಕೊರತೆಯಿಲ್ಲ. ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಅಂದರೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದೇ, ದಂಡಿಯ ದಾರಿಯನ್ನು ಹಿಡಿದು ಶ್ಲೇಷೆಯನ್ನು ಅಲಂಕಾರಗಳ ಸಾಲಿನಲ್ಲಿ ಕೂರಿಸಿದೆ. ದಂಡಿಯಾದರೋ ವಕ್ರೋಕ್ತಿಗಳಿಗೆಲ್ಲ ಸೊಬಗನ್ನು ಹೆಚ್ಚಿಸುವುದು ಶ್ಲೇಷೆಯೇ ಎಂದು ಒಪ್ಪಿದವನು. ಪದವನ್ನು ಒಡೆದು ಅರ್ಥ ಮಾಡುವುದು ಸಭಂಗ, ಒಡೆಯದೆ ಮಾಡುವುದು ಅಭಂಗ ಎಂಬ ವಿಭಾಗ ಅಲಂಕಾರಶಾಸ್ತ್ರವನ್ನು ಓದಿದವರಿಗೆಲ್ಲ ತಿಳಿದುದೇ. ಬೈಸಿಕಲ್ಲಿನಲ್ಲಿ ಕಲ್ಲನ್ನು ಬಿಡಿಸಿದ ಹಳ್ಳಿಯ ಹುಡುಗನು ಸಭಂಗಶ್ಲೇಷೆಯ ಲಕ್ಷಣವನ್ನು ಬಲ್ಲವನಲ್ಲದಿರಬಹುದು, ಲಕ್ಷ್ಯವನ್ನ೦ತೂ ಒದಗಿಸಿದನು. ಲಕ್ಷ್ಮೀಶನಲ್ಲಿ ಶ್ಲೇಷೆ ಬಂದರೆ ತಲೆದೂಗಿ, ಸೈಕಲ್ಲಂಗಡಿಯಲ್ಲಿ ಬಂದರೆ ಮೂಗುಮುರಿಯುವುದು ಯಾವ ನ್ಯಾಯ? ಕವಿಯ ಕಾಲದಲ್ಲಿ ಕುದುರೆಯಿತ್ತು, ಯಜ್ಞದ ಕುದುರೆಯ ಬೆನ್ನಹಿಂದೆ ಕಾವ್ಯವೇ ಓಡಿತು. ಈಗಿನವನ ಕುದುರೆಗೆ ಗಾಳಿ ಹಾಕಿಸಬೇಕು, ಅಷ್ಟೆ.

ಹೊಸಗನ್ನಡದ ಬಾಗಿಲಲ್ಲಿ ನಿಂತ ಮುದ್ದಣನು, ತನ್ನ ಶ್ರೀರಾಮಾಶ್ವಮೇಧದಲ್ಲಿ ಕಥೆ ಹೇಳುವ ಗಂಡನಿಗೂ ಕೇಳುವ ಹೆಂಡತಿಗೂ ನಡುವೆ ಮಾತಿನ ಆಟವನ್ನಿಟ್ಟು, ಕುದುರೆಯ ಕಥೆಯನ್ನು ಮರೆತವರೂ ಮನೋರಮೆಯನ್ನು ಮರೆಯದಂತೆ ಮಾಡಿದನು. ಕೈಲಾಸಂ ತಮ್ಮ ನಾಟಕವೊಂದಕ್ಕೆ ‘ಟೊಳ್ಳುಗಟ್ಟಿ’ ಎಂದು ಹೆಸರಿಟ್ಟರು. ಮರವನ್ನು ಬೆರಳಿನಿಂದ ಬಡಿದು ನೋಡುವ ಮಾತು ಅದು. ಪರೀಕ್ಷೆಯಲ್ಲಿ ಮೊದಲಿಗನಾದ ಮಗನು ಟೊಳ್ಳೋ, ಮನೆಗೆ ಒದಗುವ ಮಗನು ಗಟ್ಟಿಯೋ ಎಂಬ ಪ್ರಶ್ನೆಯನ್ನು ಹಾಗೆ ಬಡಿದು ಕೇಳಿಸಿದ ನಾಟಕವನ್ನು ಹಗುರವೆಂದವರಾರು? ರಾ.ಶಿ. ಎಂಬ ಹೆಸರಿನಿಂದ ಬರೆದ ವೈದ್ಯ ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯು 1967ರವರೆಗೆ ಕನ್ನಡದ ಮನೆಗಳಿಗೆ ತಿಂಗಳು ತಿಂಗಳೂ ನಗೆಯನ್ನು ಹೊತ್ತು ತಂದಿತು. ಎಲ್ಲಕ್ಕಿಂತ ಮಿಗಿಲಾದ ಸಾಕ್ಷಿ ನಾ. ಕಸ್ತೂರಿಯವರದು. ಅವರು ಹುಟ್ಟಿದುದು ಕೇರಳದಲ್ಲಿ; ಮೈಸೂರಿಗೆ ಬಂದು ಅಧ್ಯಾಪಕರಾಗಿ ಕನ್ನಡವನ್ನು ತಮ್ಮದನ್ನಾಗಿ ಮಾಡಿಕೊಂಡವರು. ಅವರ ‘ಅನರ್ಥಕೋಶ’ವು ಪದಗಳಿಗೆ ಕೋಶಕಾರರು ಕೊಡದ ಅರ್ಥಗಳನ್ನು ಕೊಡುವ ಕೋಶ. ಕಲಿತ ಭಾಷೆಯಲ್ಲಿ ವ್ಯಾಕರಣಶುದ್ಧವಾಗಿ ಬರೆಯುವವರು ಬಹುಮಂದಿ ಇದ್ದಾರು. ಕಲಿತ ಭಾಷೆಯ ಪದವನ್ನು ಮುರಿದು ಅದರೊಳಗಿನಿಂದ ಇನ್ನೊಂದು ಪದವನ್ನು ಹೊರತೆಗೆದು ಆ ಭಾಷೆಯವರನ್ನೇ ನಗಿಸಿದವರೆಷ್ಟು ಮಂದಿ? ಭಾಷೆಯು ಒಬ್ಬಾತನನ್ನು ಮನೆಯವನೆಂದು ಒಪ್ಪಿತೆಂಬುದಕ್ಕೆ ಇದಕ್ಕಿಂತ ದೊಡ್ಡ ರುಜು ಬೇಕಾಗಿಲ್ಲ.

ವಿರೋಧಿಗಳ ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದುದು. ಪರಭಾಷೆಯ ಪದಗಳ ಮೇಲೆ ಶ್ಲೇಷೆ ಕಟ್ಟಿದರೆ ಆ ಪದಗಳು ಇಲ್ಲಿಯೇ ಬೇರು ಬಿಡುತ್ತವೆ, ಕನ್ನಡದ ಹೊಸ ಪದಗಳು ಹುಟ್ಟುವುದೇ ಇಲ್ಲ ಎಂದು ಅವರ ಭಯ. ಬೈಸಿಕಲ್ಲನ್ನು ದ್ವಿಚಕ್ರವೆನ್ನಿರಿ, ಜೀನನ್ನು ಪೀಠವೆನ್ನಿರಿ, ಎಲ್ಲವೂ ಸರಿಹೋಗುವುದು ಎನ್ನುತ್ತಾರೆ. ಸರಿಹೋಯಿತೆ? ದ್ವಿಚಕ್ರ ವಾಹನವೆಂಬ ಮಾತು ಕಚೇರಿಯ ಕಾಗದಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಬಳಕೆಗೆ ಬಂದುದು ಹೌದು. ಆದರೆ ಇಂದು ಆ ಮಾತನ್ನು ಕೇಳಿದವರ ಮನಸ್ಸಿಗೆ ಬರುವುದು ಹೊಗೆಯುಗುಳುವ ಮೋಟಾರು ಬಂಡಿ. ಮೈಸೂರಿನಿಂದ ನಂಜನಗೂಡಿಗೆ ಹೋಗುವವರು ಬ್ಯಾತಹಳ್ಳಿಯ ಬಳಿ ಕಾಣುವ ಟಿ.ವಿ.ಎಸ್. ಕಾರ್ಖಾನೆಯಲ್ಲಿ ತಯಾರಾಗುವುದೂ ಅವೇ. ಬೈಸಿಕಲ್ಲಿಗೆಂದು ಪಂಡಿತರು ಹೊಲಿಸಿದ ಅಂಗಿಯನ್ನು ಮೋಟಾರು ಬಂಡಿಯು ತೊಟ್ಟುಕೊಂಡು ಹೋಯಿತು. ಸರಕಾರವೇ 2006-07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಈ ವಾಹನವನ್ನು ಹಂಚಲು ತೊಡಗಿದಾಗ ಯೋಜನೆಯ ಹೆಸರಿನಲ್ಲಿ ಬೈಸಿಕಲ್ಲೆಂದೇ ಬರೆಯಬೇಕಾಯಿತು. ದ್ವಿಚಕ್ರವೆಂದಿದ್ದರೆ ಮಕ್ಕಳ ತಂದೆಗಳು ಪೆಟ್ರೋಲಿನ ಖರ್ಚನ್ನು ಕೇಳುತ್ತಿದ್ದರು. 2017ರಲ್ಲಿ ಮೈಸೂರು ನಗರದಲ್ಲಿ ಬಾಡಿಗೆಯ ಬೈಸಿಕಲ್ಲುಗಳ ಸಾರ್ವಜನಿಕ ವ್ಯವಸ್ಥೆಯನ್ನು ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರೇನು? ‘ಟ್ರಿಣ್ ಟ್ರಿಣ್’. ಕೋಶದಲ್ಲಿ ಹುಡುಕಿದರೆ ಸಿಕ್ಕದ, ವ್ಯುತ್ಪತ್ತಿಯಿಲ್ಲದ, ಕೇವಲ ಗಂಟೆಯ ಸದ್ದು. ಊರಿಗೆ ಊರೇ ಅರ್ಥಮಾಡಿಕೊಂಡಿತು.

ಬೀದಿಯ ಕನ್ನಡವು ಈ ಯಂತ್ರವನ್ನು ವಶಪಡಿಸಿಕೊಂಡ ಬಗೆಯನ್ನು ಯಾವ ಸಮಿತಿಯೂ ನಿಯಮಿಸಿದುದಲ್ಲ. ಕೆಸರು ತಡೆಯುವ ತಗಡಿನ ಇಂಗ್ಲಿಷು ಹೆಸರು ಮೈಸೂರು ಸೀಮೆಯ ಹಳ್ಳಿಯವನ ಬಾಯಲ್ಲಿ ‘ಮಡಗಾರ್ಡು’ ಆಯಿತು. ಮಡಗುವುದೆಂಬ ಕ್ರಿಯೆಯನ್ನು ದಿನಕ್ಕೆ ನೂರು ಸಲ ಆಡುವವನಿಗೆ, ಅದು ಚಕ್ರದ ಮೇಲೆ ಮಡಗಿದ ತಗಡೇ ಸರಿ. ಚಕ್ರದ ಅರೆಗಳು ಕಡ್ಡಿಗಳಾದುವು. ಕಾಲು ನಿಲುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುವುದು ‘ಒಳಪೆಡಲು’, ‘ಕತ್ತರಿಗಾಲು’ ಎನಿಸಿತು. ಇಂಗ್ಲೆಂಡಿನಲ್ಲಿ ಹುಟ್ಟಿದ ಬೈಸಿಕಲ್ಲಿಗೆ ಈ ವಿದ್ಯೆ ತನ್ನಲ್ಲಿದೆಯೆಂಬುದೇ ಗೊತ್ತಿದ್ದಿರಲಾರದು. ಒಂದು ವಸ್ತು ಪರಕೀಯವಾಗಿರುವುದು ಅದರ ಹೆಸರು ಪರಕೀಯವಾಗಿರುವವರೆಗೆ ಅಲ್ಲ; ಅದನ್ನು ಕುರಿತು ನಗೆಯಾಡಲು ಜನ ಹಿಂಜರಿಯುವವರೆಗೆ. ಮಾವನ ಮನೆಗೆ ಬಂದ ಹೊಸ ಅಳಿಯನನ್ನು ಯಾರೂ ಗೇಲಿ ಮಾಡುವುದಿಲ್ಲ. ಗೇಲಿಗೆ ಆರಂಭವಾಯಿತೆಂದರೆ ಆತನು ಮನೆಯವನಾದನೆಂದು ತಿಳಿಯಬೇಕು.

ಶ್ಲೇಷೆಯ ಹೆಸರಿನಲ್ಲಿ ನಡೆಯುವ ಒರಟುತನವನ್ನು ಸಮರ್ಥಿಸುವುದು ಇಲ್ಲಿಯ ಉದ್ದೇಶವಲ್ಲ. ಒಬ್ಬಾತನ ಹೆಸರನ್ನೋ ಕುಲವನ್ನೋ ಅಂಗವೈಕಲ್ಯವನ್ನೋ ಹಿಡಿದು ಮಾತನ್ನು ತಿರುಚುವುದು ಬೈಗುಳವೇ ಹೊರತು ಬೇರೆಯಲ್ಲ. ಅದಕ್ಕೆ ಪುಟಗಳಲ್ಲಿ ಎಡೆಕೊಡದಿರುವ ಸಂಪಾದಕರು ತಮ್ಮ ಕೆಲಸವನ್ನು ಮಾಡಿದರೆನ್ನಬೇಕು. ಸಭೆಯಲ್ಲಿ ಪ್ರತಿಯೊಂದು ಮಾತಿಗೂ ಶ್ಲೇಷೆ ಹುಡುಕುವವನ ಬಳಿ ಕೂರುವುದೂ ಮರದ ಜೀನಿನ ಮೇಲೆ ಕೂರುವಷ್ಟೇ ಶ್ರಮದ ಕೆಲಸ. ಆದರೆ ಉಪ್ಪು ಹೆಚ್ಚಾದ ಸಾರನ್ನು ಉಂಡವನು ಉಪ್ಪಿನ ಮಡಕೆಯನ್ನೇ ಒಡೆದುಹಾಕುವುದುಂಟೆ?

ಈ ವಿವಾದದಲ್ಲಿ ನಷ್ಟವಾಗುವುದು ಯಾರಿಗೆ ಎಂಬ ಪ್ರಶ್ನೆಯನ್ನು ಮಹನೀಯರು ಕೇಳಿಕೊಂಡಂತೆ ಕಾಣುವುದಿಲ್ಲ. ಓದುಬಲ್ಲ ಮನೆಗಳ ಮಕ್ಕಳನ್ನು ಕರೆದು, ಮರದ ಜೀನಿನ ಮೇಲೆ ಕೂತವನು ಮರಗಟ್ಟಿದನೆಂದು ಹೇಳಿ ನೋಡಬಹುದು. ಯಾವ ಮರವನ್ನು ಯಾರು ಕಟ್ಟಿದರೆಂದು ಮಗುವು ಕೇಳಿದರೆ ಅದರ ತಪ್ಪೇನೂ ಇಲ್ಲ. ಬೀಸುವ ಕಲ್ಲು ಹಿತ್ತಿಲನ್ನು ಸೇರಿತು, ಹಿತ್ತಿಲಿನಿಂದ ಎಲ್ಲಿಗೋ ಹೋಯಿತು. ಅದರೊಡನೆ ಬೈಸಿಕಲ್ಲಿನ ಅಣ್ಣನೂ ಹೋದನು, ಆ ನಗೆಯೂ ಹೋಯಿತು. ಮಣೆಯನ್ನು ಕಾಣದ ಮಗುವಿಗೆ ಮಣೆ ಹಾಕುವುದೆಂದರೆ ಪತ್ರಿಕೆಯ ತಲೆಬರೆಹ. ಹಲ್ಲಣವೆಂದರೆ ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಅರ್ಥ ಬರೆಯಬೇಕಾದ ಶಬ್ದ. ಅಂಕ ಬರುತ್ತದೆ, ನಗು ಬರುವುದಿಲ್ಲ. ಶ್ಲೇಷೆ ಅರ್ಥವಾಗಬೇಕಾದರೆ ಒಂದೇ ಕಿವಿಯಲ್ಲಿ ಎರಡು ಅರ್ಥಗಳು ಒಟ್ಟಿಗೆ ಎಚ್ಚರವಾಗಿರಬೇಕು. ಕೋಶವನ್ನು ನೋಡಿ ಅರ್ಥಮಾಡಿಕೊಂಡ ಶ್ಲೇಷೆಗೆ ನಕ್ಕವರಿಲ್ಲ. ವ್ಯಾಕರಣದ ತಪ್ಪುಗಳನ್ನು ತಿದ್ದಬಹುದು, ಕಾಗುಣಿತವನ್ನು ಹೇಳಿಕೊಡಬಹುದು. ಮನೆಯಲ್ಲಿ ಹಿರಿಯರು ಆಡಿದ ಚತುರೋಕ್ತಿಗೆ ಕಿರಿಯರು ಮಿಕಿಮಿಕಿ ನೋಡತೊಡಗಿದ ದಿನ ಆಗುವ ನಷ್ಟವನ್ನು ಯಾವ ಪಾಠಶಾಲೆಯೂ ತುಂಬಿಕೊಡದು. ಮಾತಿನಾಟವನ್ನು ಕೀಳೆಂದು ಪುಟದಿಂದ ಓಡಿಸುವ ಪತ್ರಿಕೆಗಳು ಆ ದಿನವನ್ನು ತಮ್ಮ ಕೈಯಿಂದಲೇ ಹತ್ತಿರಕ್ಕೆ ಎಳೆದುಕೊಳ್ಳುತ್ತಿವೆ.

ಜಿಲ್ಲೆಯ ಸಾಹಿತ್ಯಸಂಘಗಳು ಬೇರೆ ಕೆಲಸವನ್ನು ಮಾಡಬಹುದಾಗಿದೆ. ಹೊಸ ಪದಗಳನ್ನು ಟಂಕಿಸುವ ಉತ್ಸಾಹದಲ್ಲಿ ಅರ್ಧದಷ್ಟನ್ನಾದರೂ ಇರುವ ಪದಗಳನ್ನು ಬರೆದಿಡುವುದಕ್ಕೆ ವಿನಿಯೋಗಿಸಲಿ. ಬಡಗಿಯ ಮನೆಯಲ್ಲಿ ಉಳಿಯಿದೆ, ಬಾಚಿಯಿದೆ, ಬೈರಿಗೆಯಿದೆ, ಕೊಡತಿಯಿದೆ, ಉಜ್ಜುಗೊರಡಿದೆ. ಉಳಿ ಉಳಿದೀತೆ ಎಂದು ಆತನೇ ಕೇಳಿಯಾನು, ಬಾಚಿಯನ್ನು ಹಿಡಿದು ತಲೆ ಬಾಚಿಕೊಳ್ಳಲು ಬಂದ ಅಳಿಯನ ಕಥೆಯನ್ನೂ ಹೇಳಿಯಾನು. ಸೈಕಲ್ಲಂಗಡಿಗಳು ಇಂದಿಗೂ ಮುಚ್ಚಿಲ್ಲ. ತಾಂಡ್ಯದ ಕಾರ್ಖಾನೆಗಳಲ್ಲಿ ಪಾಳಿ ಬಿಡುವ ಹೊತ್ತಿಗೆ ಅಂತಹ ಒಂದು ಅಂಗಡಿಯ ಬಾಗಿಲಲ್ಲಿ ಅರ್ಧಗಂಟೆ ನಿಂತರೆ ಎರಡು ಪುಟಗಳಿಗಾಗುವಷ್ಟು ಸಾಮಗ್ರಿ ದೊರೆಯುತ್ತದೆ. ಅಷ್ಟು ಹೊತ್ತು ನಿಲ್ಲಲಾರದ ಮಹನೀಯರಿಗೆ ಅಂಗಡಿಯವನು ಕೂರುವುದಕ್ಕೆ ಮರದ ಪೆಟ್ಟಿಗೆಯೊಂದನ್ನು ತೋರಿಸುವನು.